ಎಲ್ಲಿಗ್ ಬಂದೆ ಎಂದು ಕೇಳುತ್ತಿದ್ದ ಮೇಡಂ

ಬೇಲೂರಿನ ಕಾಲೇಜಿನಲ್ಲಿ ನನ್ನ ಮೊಮ್ಮಗಳಿಗೆ ಇಂಗ್ಲಿಷ್ ಕಲಿಸಿದ ಮೇಡಂ ಈಗ ಬೇರೆ ಊರಿಗೆ ವರ್ಗವಾಗಿದ್ದಾರೆ. ಶನಿವಾರ ಮಧ್ಯಾಹ್ನ ಅವರು ಬುಕ್ ಕ್ಲಬ್ ನಡೆಸುತ್ತಿದ್ದರು. ಮಕ್ಕಳೆಲ್ಲ ಒಂದೇ ಇಂಗ್ಲಿಷ್ ಕಥೆಪುಸ್ತಕ ಓದಿ, ಸುತ್ತ ಕುಳಿತು ಮಾತಾಡಬೇಕು. ಮುಗಿಸಿದೆಯಾ ಎಂದು ಅವರು ಯಾರನ್ನೂ ಕೇಳಿದವರಲ್ಲ. ಓದಿದ ಪುಟದ ಗುರುತಿಗೆ ಮಕ್ಕಳು ಇಟ್ಟ ಬಸ್ ಟಿಕೆಟನ್ನು ಬೆರಳಿನಿಂದ ಮುಟ್ಟಿ, "ಎಲ್ಲಿಗ್ ಬಂದೆ?" ಎನ್ನುತ್ತಿದ್ದರು. ಟಿಕೆಟ್ ಒಂದೇ ಪುಟ ಮುಂದೆ ಹೋಗಿದ್ದರೂ ಅವರ ಮುಖ ಅರಳುತ್ತಿತ್ತು.

ನಮ್ಮವಳ ಟಿಕೆಟ್ ಮಾತ್ರ ಮೂರು ವಾರವಾದರೂ ನಾಲ್ಕನೇ ಪುಟ ಬಿಡಲಿಲ್ಲ. ನಾಚಿಕೆಯಿಂದ ಕ್ಲಬ್ಬೇ ಬೇಡವೆಂದು ಅತ್ತಳು. ಮೂರನೇ ಕ್ಲಾಸಿನ ತನಕ ಮಾತ್ರ ಓದಿದ ನಾನು ನಮ್ಮೂರು ಹಗರೆಯಿಂದ ಅವಳ ಜೊತೆ ಕಾಲೇಜಿಗೆ ಹೋಗಿ ಮೇಡಂಗೆ ಕೈ ಮುಗಿದೆ.

"ಇವ್ಳನ್ನ ಬಿಟ್ಬಿಡಿ ಮೇಡಂ. ಇಂಗ್ಲಿಷು ನಮ್ಮಂತೋರಿಗೆ ಹತ್ತಾಕಿಲ್ಲ."

"ಬಿಡೋಣ ಅಜ್ಜಿ. ಮೊದ್ಲು ಆ ನಾಲ್ಕು ಪುಟದ ಕಥೆ ನಿಮಗೆ ಕನ್ನಡದಲ್ಲಿ ಹೇಳ್ಲಿ."

ಹೇಳಿದಳು. ಕಥೆಯ ಹುಡುಗಿ ಕಳೆದುಹೋದ ಕರುವನ್ನು ಹುಡುಕುತ್ತ ಹೊಳೆಯ ತನಕ ಬಂದಿದ್ದಳು. ಮಾತು ಅಲ್ಲಿಗೇ ನಿಂತಿತು.

"ಅಯ್ಯೋ, ಕರು ಸಿಕ್ತೇನೇ?" ಎಂದೆ.

"ನಂಗೇನ್ ಗೊತ್ತಜ್ಜಿ, ನಾನೇ ಓದಿಲ್ವಲ್ಲ!"

ಮೇಡಂ ನಗಲೂ ಇಲ್ಲ, ಬೈಯಲೂ ಇಲ್ಲ. ಪುಸ್ತಕವನ್ನು ಅವಳ ಕಡೆ ಸರಿಸಿ, ತಮ್ಮ ಪಾಡಿಗೆ ಕಿಟಕಿ ಮುಚ್ಚತೊಡಗಿದರು.

ಬಸ್ ಸ್ಟ್ಯಾಂಡಿಗೆ ನಮ್ಮ ಬಸ್ಸು ಬಂದಾಗ ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ.

"ಮುಂದಿನ್ ಬಸ್ಗೆ ಹೋಗಾಣ ಅಜ್ಜಿ. ಕರು ಹೊಳೆ ದಾಟ್ತಾ ಐತೆ ಕಣಜ್ಜಿ!"

ಮನೆಯಲ್ಲಿ ಹಾಲು ಕರೆಯುವ ಹೊತ್ತಾಗಿತ್ತು. ಹಸು ಕೂಗಿದರೆ ಕೂಗಲಿ ಎಂದು, ಕುಣಿಯುವಷ್ಟು ಖುಷಿಯಲ್ಲಿ ಅವಳ ಪಕ್ಕ ಕುಳಿತು, "ನಂಗೂ ಹೇಳ್ತಾ ಓದೇ" ಎಂದೆ.