ಬಸಣ್ಣನ ಆಫ್ರಿಕಾಕ್ಕೆ ನಮ್ಮ ಪಂಚಾಂಗ

ಗೆಳೆಯರೇ, ಬೆಳಗಿನ ಜಾವ ಕೆಟ್ಟ ಕನಸು. ಪಕ್ಕದ ಮನೆಯ ಬಸಣ್ಣ ಆಫ್ರಿಕಾದ ಕಾಡಿನಲ್ಲಿ ಆನೆ ಮೇಲೆ ಕೂತಿದ್ದ, ನನ್ನನ್ನು ಕಂಡರೂ ಮಾತಾಡಿಸಲಿಲ್ಲ.

ಎದ್ದು ಮುಖ ತೊಳೆಯುವಷ್ಟರಲ್ಲಿ ಅದೇ ಬಸಣ್ಣ ಕಾಗದ ಹಿಡಿದು ಬಂದ. ಉಗಾಂಡಾದ ಸಕ್ಕರೆ ಕಾರ್ಖಾನೆಯಲ್ಲಿರುವ ಅಳಿಯ ಅವನನ್ನು ಕಾಡು ನೋಡಲು ಕರೆದಿದ್ದಾನೆ. ನಾನೋ, ಘಟಪ್ರಭಾ ಸ್ಟೇಷನ್ನಿನಿಂದಾಚೆ ಕೊಲ್ಲಾಪುರವೊಂದನ್ನೇ ಕಂಡವನು. ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟರೂ ಓಣಿಯವರ ಕಾಗದ ಓದುವವನು ನಾನೇ. ಇದ್ದದ್ದನ್ನೇ ಓದಿದೆ: "ಮಾವಾರ, ಆಷಾಢದಾಗ ಬರ್ರಿ. ಆಗ ಇಲ್ಲಿ ಮಳಿ ಕಡಿಮಿ, ದೊಡ್ಡ ದೊಡ್ಡ ಮಂಗ್ಯಾ ಕಾಣತಾವ. ದೀಪಾವಳಿಗೆ ಬ್ಯಾಡ, ಜೋರ ಮಳಿ."

ಬಸಣ್ಣ ನಕ್ಕ. "ಆಷಾಢದ ಆರಿದ್ರಾ ಮಳಿ ಜಗತ್ತಿಗೆಲ್ಲಾ ಒಂದ ಅಲ್ಲೇನೋ? ಅಂವಗ ಪಂಚಾಂಗ ಗೊತ್ತಿಲ್ಲ. ನಾ ದೀಪಾವಳಿಗೇ ಅಲ್ಲಿ ಮುಟ್ಟೂಹಂಗ ಹಡಗ ಹತ್ತತೇನಿ."

"ನೀ ಅಂದದ್ದ ಖರೆ ಐತಿ, ಬಸಣ್ಣ" ಎಂದುಬಿಟ್ಟೆ.

ಅವನು ಹೋದಮೇಲೆ ಹೆಂಡತಿ ಕೇಳಿದಳು: "ನಿಮ್ಮ ಹೊಟ್ಟಿಕಿಚ್ಚಿಗೆ ಅವರು ಅಷ್ಟ ದೂರ ಹೋಗಿ ತೊಯ್ಸಿಕೊಂಡ ಬರಬೇಕೇನ್ರಿ?"

ಮಧ್ಯಾಹ್ನದಿಂದ ನನಗೆ ಬೇರೆಯೇ ಚಿಂತೆ. ಅಳಿಯನೇ ತಪ್ಪಿದ್ದರೆ? ಬಸಣ್ಣ ಮಂಗಗಳನ್ನೆಲ್ಲ ನೋಡಿ ಬಂದು ಸಾಯುವತನಕ ಅದನ್ನೇ ಹೇಳುತ್ತಾನೆ. ಭೂಗೋಳ ಬಲ್ಲವರು ದಯವಿಟ್ಟು ಒಮ್ಮೆ ನೋಡಿ ತಿಳಿಸಿ: ದೀಪಾವಳಿಗೆ ಅಲ್ಲಿ ಮಳೆ ಬಂದೇ ಬರುತ್ತದೆ ತಾನೇ?