ನಾನು ಇಟ್ಟ ಇಂಟರ್ವಲ್

ಕೊರೊನಾ ಕಳೆದು ಥಿಯೇಟರುಗಳು ಮತ್ತೆ ತೆರೆದ ಎರಡನೇ ವರ್ಷ. ಮಂಗಳೂರಿನ ಒಂದು ಹಳೆಯ ಥಿಯೇಟರಿನಲ್ಲಿ ನಾನು ಮ್ಯಾನೇಜರ್. ಎಸ್ಸೆಸ್ಸೆಲ್ಸಿ ಮುಗಿಸಿ ಗೇಟ್‌ಕೀಪರ್ ಆಗಿ ಸೇರಿದವನು ಅಲ್ಲಿಯೇ ತಲೆ ನರೆಸಿಕೊಂಡಿದ್ದೆ.

ಆಗ ಒಂದು ವಾರದ ಬೆಳಗಿನ ಆಟಕ್ಕೆ ಹಾಡು, ಹೊಡೆದಾಟ ಯಾವುದೂ ಇಲ್ಲದ ಸಿನಿಮಾ ಬಂತು. ಮಗಳ ಜೊತೆ ಮಾತು ಬಿಟ್ಟ ಒಬ್ಬ ತಾಯಿಯ ಕಥೆ. ಮಧ್ಯೆ ನಿಲ್ಲಿಸಬೇಡಿ ಎಂದು ನಿರ್ದೇಶಕರು ಫೋನ್ ಮಾಡಿ ಕೇಳಿಕೊಂಡಿದ್ದರು. ನಾನು ಒಪ್ಪಿದ್ದೆ.

ಕ್ಯಾಂಟೀನಿನ ಲೋಕು ಒಪ್ಪಲಿಲ್ಲ. "ಎಂತ ಮಾರಾಯ್ರೇ, ಇಂಟರ್ವಲ್ ಇಲ್ಲದಿದ್ದರೆ ಈ ಚಟ್ಟಂಬಡೆ ಯಾರು ತಿನ್ನುವುದು, ನಿಮ್ಮ ಡೈರೆಕ್ಟರಾ?"

ಈಗ ಸಿನಿಮಾ ರೀಲಿನಲ್ಲಿ ಬರುವುದಿಲ್ಲ. ಸರ್ವರ್ ಎಂಬ ಯಂತ್ರಕ್ಕೆ ಹಾಕಿದರೆ ಬೇಕಾದಲ್ಲಿ ನಿಲ್ಲಿಸಬಹುದು. ಲೋಕುವಿನ ಮಾತಿಗೆ ನಾನು ಸೋತೆ. ತಾಯಿ ಫೋನ್ ಹಿಡಿದು, ಮಗಳಿಗೆ ಮಾಡಲೋ ಬೇಡವೋ ಎಂದು ಕೂತಿರುವ ಜಾಗವನ್ನು ಇಂಟರ್ವಲ್ಲಿಗೆ ಆರಿಸಿದೆ. ಸಸ್ಪೆನ್ಸ್ ಇರಲಿ ಎಂಬ ಹಳೆಯ ಅಭ್ಯಾಸ.

ಮೊದಲ ದಿನ ಅಲ್ಲಿ ಪರದೆ ಕಪ್ಪಾಯಿತು. ಇಂಟರ್ವಲ್ ಎಂಬ ಅಕ್ಷರವೂ ಬರಲಿಲ್ಲ. ಆ ಸಿನಿಮಾದಲ್ಲಿ ಅದು ಇರಲೇ ಇಲ್ಲವಲ್ಲ. ನಾನು ಲೈಟ್ ಹಾಕಿದೆ.

ಯಾರೂ ಏಳಲಿಲ್ಲ. ನನ್ನ ಸರ್ವಿಸಿನಲ್ಲಿ ಅಂಥದ್ದು ಕಂಡಿರಲಿಲ್ಲ. ಕಾಲೇಜಿನ ಹುಡುಗರು ತಲೆ ತಗ್ಗಿಸಿ ಕೂತಿದ್ದರು. ದೊಡ್ಡ ಮೀಸೆಯ ಒಬ್ಬರು ಹೆಲ್ಮೆಟ್ಟನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಅಳುತ್ತಿದ್ದ ಒಬ್ಬಳು ಹುಡುಗಿ ತಿರುಗಿ, "ಅಂಕಲ್, ಪ್ಲೀಸ್, ಲೈಟ್ ಆಫ್ ಮಾಡಿ" ಎಂದಳು. ಸ್ನಾನದ ಕೋಣೆಯ ಬಾಗಿಲು ತೆರೆದವನ ಹಾಗೆ ನನಗೆ ನಾಚಿಕೆಯಾಯಿತು.

ಎದ್ದವರು ಒಬ್ಬರೇ, ಉರ್ವದ ಸಿಸಿಲಿಯಾ ಟೀಚರ್. ನನ್ನ ಮಕ್ಕಳಿಗೆ ಹೈಸ್ಕೂಲಿನಲ್ಲಿ ಕಲಿಸಿದವರು. ಕಣ್ಣೊರೆಸುತ್ತಾ ಹೋದವರು ಮರಳಿ ಬರಲಿಲ್ಲ.

ಮೂರನೇ ದಿನ ಟೀಚರ್ ಮತ್ತೆ ಬಂದರು. ಜೊತೆಗೆ ನರ್ಸ್ ಆಗಿರುವ ಮಗಳು. ಮಗಳ ಮನೆ ಫಳ್ನೀರಿನಲ್ಲಿ, ಸಿಟಿ ಬಸ್ಸಿನ ದಾರಿ ಅಷ್ಟೇ. ಆದರೂ ಅವಳ ಮದುವೆಯಾದಂದಿನಿಂದ ಇಬ್ಬರಿಗೂ ಮಾತಿಲ್ಲ ಎಂದು ಉರ್ವಕ್ಕೆಲ್ಲ ಗೊತ್ತಿತ್ತು.

"ಎಂತ ಸಂಜೀವರೇ, ಆ ಸಿನಿಮಾ ಹಾಗೆ ಮುಗಿಯುವುದಾ?" ಎಂದರು ಟೀಚರ್. "ಆ ಹೆಂಗಸು ಫೋನ್ ಹಿಡಿದು ಕೂತದ್ದೇ ಬಂತು. ನನಗೆ ತಡೆಯಲಿಲ್ಲ. ಮನೆಗೆ ಹೋಗಿ ನಾನೇ ಮಾಡಿದೆ."

"ನಾನು ರಾಂಗ್ ನಂಬರ್ ಅಂತ ಇಡುವವಳಿದ್ದೆ," ಎಂದು ಮಗಳು ನಕ್ಕಳು.

ಟೀಚರ್ ನೋಡದ ಉಳಿದರ್ಧದಲ್ಲಿ ತಾಯಿ ಫೋನ್ ಮಾಡುತ್ತಾಳೆ; ಎತ್ತುವುದು ಮಗಳಲ್ಲ, ಆಸ್ಪತ್ರೆಯವರು. ಮಗಳು ತೀರಿಹೋಗಿರುತ್ತಾಳೆ. ಸುಮ್ಮನಿದ್ದರೆ ಅವರು ಅಂದೂ ಅರ್ಧಕ್ಕೇ ಎದ್ದು ನಗುತ್ತಲೇ ಮನೆಗೆ ಹೋಗುತ್ತಿದ್ದರು. ಆದರೆ ನಿರ್ದೇಶಕರಿಗೆ ಒಂದು ಸುಳ್ಳು ಆಗಲೇ ಹೇಳಿಯಾಗಿತ್ತು.

"ಅದು ಅರ್ಧ ಮಾತ್ರ ಟೀಚರ್. ನಿಲ್ಲಿಸಿದ್ದು ನಾನು, ನಿಲ್ಲಿಸಬೇಡಿ ಎಂದರೂ. ಮುಂದಿನದು ನೋಡಲು ಕಷ್ಟ ಉಂಟು."

ಟೀಚರ್ ಮಗಳ ಮುಖ ನೋಡಿದರು. "ನೋಡುವ ಮಮ್ಮಿ," ಎಂದಳು ಅವಳು.

ಅಂದು ಇಂಟರ್ವಲ್ ತೆಗೆಸಿದೆ. ಲೋಕು ನನ್ನೊಡನೆ ಮಾತು ಬಿಟ್ಟ. ನಾನು ಅವರ ಹಿಂದಿನ ಗೋಡೆಗೆ ಒರಗಿ ನಿಂತೆ. ಪರದೆಯ ಮೇಲೆ ಫೋನ್ ರಿಂಗಾಗತೊಡಗಿದಾಗ ಟೀಚರ್ ಮಗಳ ಮಣಿಕಟ್ಟು ಹಿಡಿದರು. ನರ್ಸುಗಳು ನಾಡಿ ನೋಡಲು ಹಿಡಿಯುವ ಹಾಗೆ. ಸಿನಿಮಾ ಮುಗಿದು ಹೆಸರುಗಳೆಲ್ಲ ಹೋದರೂ ಬಿಡಲಿಲ್ಲ. ಸಭಾಂಗಣದಲ್ಲಿ ಒಬ್ಬರೂ ಎದ್ದಿರಲಿಲ್ಲ. ನಾನು ಸ್ವಿಚ್ಚಿಗೆ ಕೈ ಹಾಕಲಿಲ್ಲ.

ಹೊರಬರುವಾಗ ಟೀಚರ್ ನನ್ನೆದುರು ನಿಂತರು. "ಮೊದಲ ದಿನವೇ ಇದನ್ನು ನೋಡಿದ್ದರೆ ಹೆದರಿ ಫೋನೇ ಮುಟ್ಟುತ್ತಿರಲಿಲ್ಲ ನಾನು. ಆದರೂ ನೀವು ಮಾಡಿದ್ದು ತಪ್ಪು."

"ಹೌದು ಟೀಚರ್," ಎಂದೆ.

ಅವರಿಗೆ ಒಳಿತಾಯಿತೆಂದು ನನ್ನ ತಪ್ಪು ಮಾಫಿ ಆಗುವುದಿಲ್ಲ. ಲೈಟ್ ಆಫ್ ಮಾಡಿ ಎಂದ ಆ ಹುಡುಗಿಯ ಅಳುವಿನ ಮೇಲೆ ಬೆಳಕು ಚೆಲ್ಲಿದವನೂ ನಾನೇ. ನಿರ್ದೇಶಕರಿಗೆ ಇದುವರೆಗೆ ಹೇಳಿರಲಿಲ್ಲ. ಈ ಬರಹ ಅವರಿಗೂ ಸೇರಿದ್ದು. ಅಷ್ಟು ವರ್ಷ ಲೈಟಿನ ಸ್ವಿಚ್ಚು ನನ್ನದೆಂದು ತಿಳಿದಿದ್ದೆ. ನಿವೃತ್ತನಾಗುವವರೆಗೆ ಮತ್ತೆ ಯಾವ ಆಟದಲ್ಲೂ, ಒಳಗಿನಿಂದ ಮೊದಲ ಸೀಟು ಮಡಚಿಕೊಂಡ ಸದ್ದು ಕೇಳುವ ಮುಂಚೆ ನಾನು ಅದನ್ನು ಒತ್ತಲಿಲ್ಲ.