ಚಿನಕುರಳಿಯಲ್ಲಿ ಆಗದ ಮೂರು ರಿಂಗು

ನಿಂಗಣ್ಣ, ಅವತ್ತು ನಿಮ್ಮ ಅಂಗಡಿಯ ಫೋನು ಬಡಿದುಕೊಳ್ಳಲೇ ಇಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ತುಂಬಿದ ಆಫೀಸಿನಲ್ಲಿ ಸುಳ್ಳು ಹೇಳಿದೆ — ತಪ್ಪು ನನ್ನದು, ಹೊತ್ತವರು ನೀವು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶ್ರೀರಂಗಪಟ್ಟಣದ ಅರ್ಚಕರ ಮನೆಯ ಹುಡುಗಿ ನಾನು; ಪಾಂಡವಪುರದ ಬಸ್ಸು ಹತ್ತಿ, ಈಗ ಕುರುಹೂ ಉಳಿಯದ ಆ ಸಣ್ಣ ಖಾಸಗಿ ಸಕ್ಕರೆ ಕಾರ್ಖಾನೆಗೆ ಕಂಪ್ಯೂಟರ್ ಆಪರೇಟರಾಗಿ ಬರುತ್ತಿದ್ದೆ. ಮಾಲೀಕರು ಎಲ್ಲಿಂದಲೋ ತಂದ ಯುನಿಕ್ಸ್ ಸರ್ವರ್ ಇದ್ದ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟು ಹೋಗಬೇಕು, ಗರ್ಭಗುಡಿಯ ಹಾಗೆ! ಆ ತಣ್ಣನೆಯ ಕೋಣೆ, ಹೊರಗಿನಿಂದ ಬರುವ ಕಬ್ಬಿನ ಹಾಲಿನ ವಾಸನೆ, ಮೋಡೆಮ್ಮಿನ ಆ ಕೀರಲು ದನಿ... ಈಗಲೂ ನೆನೆದರೆ ಎದೆ ತುಂಬುತ್ತದೆ.

ಕಬ್ಬು ಕಡಿಯುವ ಸರದಿ ಬಂದಿದೆ ಎಂದು ರೈತರಿಗೆ ತಿಳಿಸುವುದೇ ಆಗ ದೊಡ್ಡ ತಲೆನೋವು. ಹಳ್ಳಿಗೆ ಲೈನು ಸಿಗಬೇಕಾದರೆ ಡಯಲ್ ಮಾಡಿ ಮಾಡಿ ಬೆರಳು ಸವೆಯುತ್ತಿತ್ತು. ನಾನು ಫ್ಲಾಪಿಗಳಲ್ಲಿ ಒಂದು ಪ್ರೋಗ್ರಾಮು ತರಿಸಿ, ತಿಣುಕಾಡಿ ಸರ್ವರಿಗೆ ಹಾಕಿ, ಮೋಡೆಮ್ಮಿಗೆ ಜೋಡಿಸಿದೆ. ರೈತನ ಹೆಸರು ಟೈಪ್ ಮಾಡಿದರೆ ಸಾಕು — ಲೈನು ಸಿಗುವ ತನಕ ಅದು ಬೇಸರವಿಲ್ಲದೆ ಡಯಲ್ ಮಾಡಿ, ಆ ಊರಿನ ಅಂಗಡಿಯ ಫೋನಿಗೆ ಮೂರು ರಿಂಗು ಕೊಟ್ಟು ಸುಮ್ಮನಾಗುವುದು. ಮೂರೇ ರಿಂಗಿಗೆ ನಿಂತರೆ ಅದು ಕಾರ್ಖಾನೆಯದು. ಅಂಗಡಿಯವರು ತಿರುಗಿ ಫೋನ್ ಮಾಡಿ ಯಾರ ಸರದಿಯೆಂದು ಕೇಳಬೇಕು.

ಚಿನಕುರಳಿಗೆ ನಿಮ್ಮ ಅಂಗಡಿ. ಮೊದಲ ದಿನ ನೀವು ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಅವ್ವಾ, ನಿನ್ ಯಂತ್ರ ಕೂಗ್ತು ಕಣವ್ವ! ಯಾರ್ದವ್ವ ಕಬ್ಬು?" ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಪ್ರೋಗ್ರಾಮನ್ನು ನಾನು ಕೈಯಾರೆ ಶುರು ಮಾಡಿ ಬಿಟ್ಟಿದ್ದೆ. ಸರ್ವರ್ ಆರಿಸಿ ಹೊತ್ತಿಸಿದಾಗ ಅದು ತಾನಾಗಿ ಏಳಬೇಕಾದರೆ ಸ್ಟಾರ್ಟಪ್ ಫೈಲಿಗೆ ಒಂದು ಸಾಲು ಸೇರಿಸಬೇಕಿತ್ತು. ನಾಳೆ ಸೇರಿಸಿದರಾಯಿತು ಎಂದುಕೊಂಡೆ. ಹಗಲೂ ರಾತ್ರಿ ಓಡುವ ಸರ್ವರನ್ನು ಯಾರು ಆರಿಸುತ್ತಾರೆ ಎಂಬ ಜಂಬ ಬೇರೆ.

ಆಯುಧಪೂಜೆ ಬಂತು. ಅವತ್ತು ಯಾವ ಆಯುಧವೂ ದುಡಿಯಬಾರದಲ್ಲ! ಸರ್ವರನ್ನೂ ಆರಿಸಿ, ವಿಭೂತಿ ಬಳಿದು, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದೆವು. ಮಂಗಳಾರತಿ ಎತ್ತಿದವಳು ನಾನೇ. ಮಾರನೆಯ ದಿನ ಸರ್ವರ್ ಹೊತ್ತಿಸಿ, ಕಡ್ಲೆಪುರಿ ಮೆಲ್ಲುತ್ತ ನಿಮ್ಮೂರಿನ ಜವರೇಗೌಡರ ಹೆಸರು ಟೈಪ್ ಮಾಡಿದೆ. ಹೆಸರೇನೋ ಪಟ್ಟಿಗೆ ಸೇರಿತು; ಅದನ್ನು ಓದಿ ಡಯಲ್ ಮಾಡಬೇಕಾದ ಪ್ರೋಗ್ರಾಮು ಎದ್ದಿದೆಯೇ ಎಂದು ನೋಡಲಿಲ್ಲ.

ನಿಮ್ಮ ಫೋನು ಬರಲಿಲ್ಲ, ಗೌಡರೂ ಬರಲಿಲ್ಲ. ಸರದಿ ಬೇರೆಯವರಿಗೆ ಹೋಯಿತು. ಅನುಮಾನ ಬಂದು ನೋಡಿದರೆ — ಅಯ್ಯೋ, ಪ್ರೋಗ್ರಾಮು ಮಲಗಿಯೇ ಇತ್ತು. ಪಟ್ಟಿಯಲ್ಲಿ ಕಾದಿದ್ದ ಹೆಸರನ್ನು ಅಳಿಸಿ ಅದನ್ನು ಎಬ್ಬಿಸಿದೆ, ಬಿಟ್ಟಿದ್ದ ಸಾಲನ್ನೂ ಸೇರಿಸಿದೆ. ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ, ಸರದಿ ತಪ್ಪಿದ್ದು ತಿಳಿದ ಜವರೇಗೌಡರು ನಿಮ್ಮನ್ನು ಎಳೆದುಕೊಂಡೇ ಆಫೀಸಿಗೆ ಬಂದರು. ಚಿಕ್ಕಂದಿನಿಂದ ನಿಮ್ಮ ಜೀವದ ಗೆಳೆಯ.

"ಪೂಜೆಗೆ ಪೋನ್ ಒರ್ಸೋಕೆ ರಿಸೀವರ್ ಎತ್ದೋನು ಸರ್ಯಾಗ್ ಮಡಗಿಲ್ಲ ಕಣ್ಲಾ ನೀನು! ನಿನ್ನ ನಂಬ್ಕಂಡು ಕೂತಿದ್ನಲ್ಲಾ!"

"ಇಲ್ಲ ಕಣ್ಲಾ, ದೇವ್ರಾಣೆಗೂ ಪೋನು ಕೂಗ್ಲೇ ಇಲ್ಲ."

ಮ್ಯಾನೇಜರು ನನ್ನತ್ತ ತಿರುಗಿದರು. "ಏನಮ್ಮಾ, ಮೆಸೇಜ್ ಹೋಗಿದೆಯಾ?"

"ನಮ್ಮ ಕಡೆಯಿಂದ ಹೋಗಿದೆ ಸಾರ್."

ನೀವು ರೇಗುತ್ತೀರಿ ಎಂದುಕೊಂಡೆ. ರೇಗಲಿಲ್ಲ. ನನ್ನನ್ನೇ ನೋಡಿ, ಮೆಲ್ಲಗೆ ಅಂದಿರಿ: "ಯಂತ್ರ ಯಾಕ್ ಸುಳ್ಳೇಳ್ತದೆ, ಬುಡಿ. ನಾನೇ ಸರ್ಯಾಗ್ ಮಡಗಿಲ್ವೇನೋ..."

ಅಂದಿನಿಂದ ಕಾರ್ಖಾನೆಯ ರಿಂಗು ನಿಮ್ಮೂರಿನ ಬೇರೆ ಅಂಗಡಿಗೆ ಹೋಯಿತು. ಗೌಡರ ಕಬ್ಬು ಸೂಲಂಗಿ ಹೂ ಬಿಟ್ಟು, ಒಳಗೆ ರಸವಿಲ್ಲದೆ ಬೆಂಡಾಗಿ ನಿಂತಿತು. ಅವರು ನಿಮ್ಮ ಜಗಲಿ ತುಳಿಯುವುದನ್ನೇ ಬಿಟ್ಟರು ಎಂದು ಕೇಳಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಹೆಣ್ಣುಮಗಳ ಕೈಲಿ ಇದೆಲ್ಲ ಆಗದು ಎಂದಿದ್ದವರ ಮುಂದೆ... ಬೇಡ, ಅದು ನೆಪವಾಗುತ್ತದೆ. ನಾನು ಹೇಳಲಿಲ್ಲ, ಅಷ್ಟೆ.

ಹೋದ ವರ್ಷ ತೊಣ್ಣೂರು ಕೆರೆಗೆ ಹೋಗುವಾಗ ನಿಮ್ಮ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ. "ಪಟ್ಣದ್ ಅವ್ವ ಅಲ್ವಾ!" ಎಂದು ಗುರುತು ಹಿಡಿದು ಸೋಡಾ ಕೊಟ್ಟಿರಿ. ಮಾತಿನ ನಡುವೆ ಪದೇ ಪದೇ ಜೇಬಿನಿಂದ ಮೊಬೈಲು ತೆಗೆದು ನೋಡಿ, ಕಿವಿಗೆ ಹಿಡಿದು, ಮತ್ತೆ ಇಡುತ್ತಿದ್ದಿರಿ. ನಿಮ್ಮ ಹೆಂಡತಿ ನಕ್ಕರು: "ಆ ಆಯ್ದಪೂಜೆಯಿಂದ ಇಂಗೇ ಕಣವ್ವ. ಪೋನು ಬದ್ಕದೋ ಸತ್ತದೋ ಅಂತ ನೋಡ್ತಾನೇ ಇರ್ತಾರೆ." ನೀವೂ ನಕ್ಕಿರಿ. ನಾನು ಅರ್ಧ ಸೋಡಾ ಬಿಟ್ಟು ಕಾರು ಹತ್ತಿದೆ.

ಈ ಭಾನುವಾರ ಬರುತ್ತೇನೆ. ಮೊದಲು ಜವರೇಗೌಡರ ಮನೆಗೆ ಹೋಗಿ ಅವರ ಕೈ ಹಿಡಿದು ನಿಮ್ಮ ಜಗಲಿಗೆ ಕರೆತರುತ್ತೇನೆ. ಅವರು ಬರದಿದ್ದರೆ ಊರಿಗೆ ಕೇಳುವಂತೆ ಅಲ್ಲೇ ನಿಂತು ಹೇಳುತ್ತೇನೆ. ಬೈಯಿರಿ, ಮುಖ ನೋಡಬೇಡ ಅನ್ನಿ — ಆದರೆ ಇದೊಂದನ್ನು ಕೇಳಿಸಿಕೊಳ್ಳಿ.

ರಿಸೀವರನ್ನು ನೀವು ಸರಿಯಾಗಿಯೇ ಇಟ್ಟಿದ್ದಿರಿ, ನಿಂಗಣ್ಣ.